ಗುಡ್ಡದ ದಿಮ್ಮಿ, ಪುಟ್ಟ ಟ್ರ್ಯಾಕ್ಟರ್

ನನ್ನ ಟ್ರ್ಯಾಕ್ಟರ್ 24 ಎಚ್‌ಪಿಯದು, ಫೋರ್ ವೀಲ್ ಡ್ರೈವ್. ತೂಕ ಹೆಚ್ಚೂಕಮ್ಮಿ ಒಂದು ಟನ್. ದೊಡ್ಡ ಗಾಡಿ ಓಡಿಸುವವರ ಕಣ್ಣಿಗೆ ಇದು ಆಟದ ಸಾಮಾನು. ಆದರೂ ಹನ್ನೆರಡು ವರ್ಷದಿಂದ ಇದರಲ್ಲೇ ಗುಡ್ಡದ ದಿಮ್ಮಿಗಳನ್ನು ಇಳಿಸಿದ್ದೇನೆ, ಹಳ್ಳಕ್ಕೆ ಬಿದ್ದವನ್ನು ಮೇಲೆ ತಂದಿದ್ದೇನೆ. ಈ ಕೆಲಸ ಕಲಿಯಲು ಬಂದವರು ಕೇಳುವ ಮೊದಲ ಪ್ರಶ್ನೆ, "ಎಷ್ಟು ದಪ್ಪದ್ದು ಎಳೆಯುತ್ತೆ?" ಅದಕ್ಕೆ ಉತ್ತರ ಹೇಳುವ ಮುಂಚೆ ನಾನೇ ತಿರುಗಿ ಕೇಳುತ್ತೇನೆ, "ಸರಪಳಿ ಎಲ್ಲಿಗೆ ಕಟ್ಟುತ್ತೀರಿ?"

ಎರಡನೇ ವರ್ಷದ ಮಾತು. ಏರಿನಲ್ಲಿ ಒಂದು ದಿಮ್ಮಿ ಎಳೆಯುತ್ತಿದ್ದೆ. ಅದರ ಮೂಗು ಹಳೇ ಬೊಡ್ಡೆಯೊಂದಕ್ಕೆ ಸಿಕ್ಕಿಕೊಂಡಿತು. ಸ್ವಲ್ಪ ಮೇಲಿನಿಂದ ಎಳೆದರೆ ಮೂಗು ಎದ್ದು ಬೊಡ್ಡೆ ದಾಟುತ್ತದೆ ಅಂತ ನನ್ನ ಲೆಕ್ಕ. ಡ್ರಾಬಾರ್‌ನಿಂದ, ಅಂದರೆ ಗಾಡಿಯ ಹಿಂದೆ ಕೆಳಗಿರುವ ಎಳೆಯುವ ಪಟ್ಟಿಯಿಂದ, ಸರಪಳಿ ಬಿಚ್ಚಿದೆ. ಸೀಟಿನ ಹಿಂದೆ, ಆಕ್ಸಲ್‌ಗಿಂತ ಮೇಲೆ, ಟಾಪ್ ಲಿಂಕ್ ಅನ್ನುವ ಜೋಡಣೆಯ ಸರಳು ಕೂರುವ ಬ್ರಾಕೆಟ್ಟಿಗೆ ಸಿಕ್ಕಿಸಿದೆ. ಎಕ್ಸಲೇಟರ್ ಕೊಟ್ಟು ಕ್ಲಚ್ ಬಿಟ್ಟೆ. ದಿಮ್ಮಿ ಅಲುಗಲಿಲ್ಲ. ಬಾನೆಟ್ ಎದ್ದಿತು. ಎದುರಿಗಿದ್ದ ಮರಗಳೆಲ್ಲ ಕೆಳಗೆ ಜಾರಿಹೋಗಿ ಬರೀ ಆಕಾಶ ಕಂಡಿತು. "ಅಣ್ಣಾ, ಕ್ಲಚ್ಚು!" ಅಂತ ತಮ್ಮ ಕೂಗಿದ್ದು ಕಿವಿಗೆ ಬೀಳುವ ಹೊತ್ತಿಗೆ ಕಾಲು ತಾನಾಗೇ ಒತ್ತಿಯಾಗಿತ್ತು. ಮುಂದಿನ ಗಾಲಿಗಳು ದಡ್ ಅಂತ ನೆಲಕ್ಕೆ ಬಿದ್ದವು. ಸ್ಟೀರಿಂಗ್ ತಿರುಗಿದ ರಭಸಕ್ಕೆ ಎಡಗೈ ಹೆಬ್ಬೆರಳು ಉಳುಕಿ ಒಂದು ವಾರ ಸ್ಪ್ಯಾನರ್ ಹಿಡಿಯಲಾಗಲಿಲ್ಲ. ಅವತ್ತು ಮತ್ತೆ ಕೆಲಸ ಮುಂದುವರಿಸಲಿಲ್ಲ.

ಆಗಿದ್ದೇನು ಅಂದರೆ, ಎಂಜಿನ್ ಹಿಂದಿನ ಆಕ್ಸಲನ್ನು ತಿರುಗಿಸುತ್ತದೆ. ಗಾಲಿ ಉರುಳಿದರೆ ಗಾಡಿ ಮುಂದೆ ಹೋಗುತ್ತದೆ. ಗಾಲಿ ಉರುಳಲಾಗದೆ ನೆಲ ಕಚ್ಚಿ ನಿಂತರೆ ಆ ಬಲ ಎಲ್ಲಿಗೆ ಹೋಗಬೇಕು? ಗಾಡಿಯ ಮೈಯನ್ನೇ ಆಕ್ಸಲ್ ಸುತ್ತ ಹಿಂದಕ್ಕೆ ಎತ್ತುತ್ತದೆ. ಸರಪಳಿ ಡ್ರಾಬಾರ್‌ನಲ್ಲಿ, ಆಕ್ಸಲ್‌ಗಿಂತ ಕೆಳಗೆ ಇದ್ದರೆ, ಮೂತಿ ಎದ್ದಷ್ಟೂ ಡ್ರಾಬಾರ್ ನೆಲದ ಕಡೆ ಇಳಿಯುತ್ತದೆ. ಹಿಂದಕ್ಕೆ ಮಗುಚುವ ಎಳೆತ ಕಡಿಮೆಯಾಗುತ್ತಾ ಬರುತ್ತದೆ. ಆಕ್ಸಲ್‌ಗಿಂತ ಮೇಲೆ ಕಟ್ಟಿದ್ದರೆ ದಿಮ್ಮಿಯೂ ಎಂಜಿನ್ನಿನ ಜೊತೆ ಸೇರಿಕೊಂಡು ಗಾಡಿಯನ್ನು ನಿಮ್ಮ ಮೇಲೆ ಮಗುಚುತ್ತದೆ. ಮೂತಿ ಎದ್ದ ಮೇಲೆ ಕೈಮೀರಿ ಹೋಗಲು ಒಂದು ಸೆಕೆಂಡೂ ಬೇಡ. ನನ್ನ ಕಾಲು ಅವತ್ತು ಬೇಗ ಹೋಯಿತು, ಅಷ್ಟೇ. ಇನ್ನೊಂದು ದಿನ ಹಾಗೇ ಹೋಗುತ್ತದೆ ಅನ್ನುವ ಧೈರ್ಯ ನನಗಿಲ್ಲ.

ಹಾಗಾಗಿ ಸರಪಳಿ ಡ್ರಾಬಾರ್‌ಗೇ. ಟಾಪ್ ಲಿಂಕ್‌ಗಿಲ್ಲ, ಆಕ್ಸಲ್ ಮೇಲೆ ಸುತ್ತುವುದಿಲ್ಲ, ಗಾಡಿ ಮಗುಚಿದರೆ ಕಾಯುವ ಸೀಟಿನ ಹಿಂದಿನ ಚೌಕಟ್ಟು, ಆ ರೋಲ್ ಬಾರ್‌ಗಂತೂ ಇಲ್ಲವೇ ಇಲ್ಲ. ಗಾಲಿ ಕೆಸರಲ್ಲಿ ಹೂತಾಗಲೂ ಇದೇ ಕಥೆ. ಹಿಂದಿನ ಗಾಲಿಗೆ ಮರದ ತುಂಡು ಕಟ್ಟಿ ಮುಂದಕ್ಕೆ ಏಳಿಸಲು ನೋಡುವವರಿದ್ದಾರೆ. ತುಂಡು ಅಡ್ಡ ಸಿಕ್ಕಿ ಗಾಲಿ ನಿಂತಿತೋ, ಗಾಡಿಯ ಮೂತಿ ಏಳುತ್ತದೆ. ಹೂತರೆ ದಿಮ್ಮಿ ಬಿಚ್ಚಿ, ಮಣ್ಣು ತೆಗೆದು, ರಿವರ್ಸ್‌ನಲ್ಲಿ ಹೊರಗೆ ಬನ್ನಿ. ರೋಲ್ ಬಾರ್ ಎತ್ತಿ ಪಿನ್ ಹಾಕಿರಬೇಕು, ಸೀಟ್ ಬೆಲ್ಟ್ ಕಟ್ಟಿರಬೇಕು. ಎರಡೂ ಒಟ್ಟಿಗೆ. ಬೆಲ್ಟ್ ಇಲ್ಲದೆ ಬಾರ್ ಇದ್ದರೆ ಗಾಡಿ ಉರುಳುವಾಗ ನೀವು ಹೊರಗೆ ಬಿದ್ದು ಅದೇ ಬಾರ್ ಅಡಿಗೆ ಸಿಗುತ್ತೀರಿ.

ತೂಕದ ಲೆಕ್ಕ

ಕಣ್ಣಳತೆಯಲ್ಲಿ ದಿಮ್ಮಿಯ ತೂಕ ಹೇಳುವವರನ್ನು ನಾನು ನಂಬುವುದಿಲ್ಲ. ನನ್ನನ್ನೂ ಸೇರಿಸಿ. ಟೇಪು ತೆಗೆದುಕೊಂಡು ದಿಮ್ಮಿಯ ನಡುವಿನ ಸುತ್ತಳತೆ ನೋಡಿ, ಮೀಟರಿನಲ್ಲಿ. ಅದನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 12.5ರಿಂದ ಭಾಗಿಸಿ. ಬಂದದ್ದು ಘನ ಮೀಟರ್. ಹಸಿ ಮರವಾದರೆ ಒಂದು ಘನ ಮೀಟರಿಗೆ 1000 ಕೆಜಿ ಅಂತ ಹಿಡಿಯಿರಿ. ಹಗುರ ಜಾತಿಯದು ಇದಕ್ಕಿಂತ ಕಡಿಮೆ ತೂಗುತ್ತದೆ, ಗಟ್ಟಿ ಜಾತಿಯದು ಸ್ವಲ್ಪ ಜಾಸ್ತಿಯೂ ತೂಗಬಹುದು. ಕೆಲಸಕ್ಕೆ ಈ ಅಂದಾಜು ಸಾಕು.

ಸುತ್ತಳತೆ 1.13 ಮೀಟರ್, ಉದ್ದ 4 ಮೀಟರ್ ಇರುವ ದಿಮ್ಮಿ ತೆಗೆದುಕೊಳ್ಳಿ. ಲೆಕ್ಕ ಹಾಕಿದರೆ ಸುಮಾರು 400 ಕೆಜಿ. ನೋಡಲು ಏನೂ ಅನ್ನಿಸುವುದಿಲ್ಲ, ತಬ್ಬಿದರೆ ಎರಡು ಕೈಗೆ ಸಲೀಸಾಗಿ ಸಿಗುತ್ತದೆ. ಸುತ್ತಳತೆ ಎರಡರಷ್ಟಾದರೆ ತೂಕ ನಾಲ್ಕರಷ್ಟಾಗುತ್ತದೆ ಅನ್ನುವುದನ್ನೂ ಮರೆಯಬೇಡಿ. ಎಲ್ಲರೂ ಎಡವುವುದು ಇಲ್ಲೇ.

ಈ 400 ಕೆಜಿಯನ್ನು ಮಟ್ಟಸವಾದ ಒಣ ಮಣ್ಣಿನ ಮೇಲೆ ಎಳೆಯಲು ಅದರ ಅರ್ಧದಷ್ಟು, ಅಂದರೆ 200 ಕೆಜಿಯ ಎಳೆತ ಬೇಕು. ಈಗ ಅದೇ ದಿಮ್ಮಿಯನ್ನು ನೂರಕ್ಕೆ ಇಪ್ಪತ್ತರ ಏರಿನಲ್ಲಿ, ಅಂದರೆ ನೂರು ಮೀಟರಿಗೆ 20 ಮೀಟರ್ ಮೇಲೇರುವ ಕಡೆ, ಎಳೆಯಿರಿ. ದಿಮ್ಮಿಯ ತೂಕದ ನೂರಕ್ಕೆ ಇಪ್ಪತ್ತು ಪಾಲು, 80 ಕೆಜಿ, ಸೇರಿತು. ಅದು ಎಲ್ಲರಿಗೂ ಹೊಳೆಯುತ್ತದೆ. ಹೊಳೆಯದ್ದು ಏನೆಂದರೆ, ಟ್ರ್ಯಾಕ್ಟರ್ ತನ್ನನ್ನು ತಾನೂ ಹತ್ತಿಸಿಕೊಳ್ಳಬೇಕು. ಒಂದು ಟನ್ನಿನ ನೂರಕ್ಕೆ ಇಪ್ಪತ್ತು ಪಾಲು 200 ಕೆಜಿ. ಒಟ್ಟು 480. ಒಣ ಗಟ್ಟಿ ಮಣ್ಣಿನಲ್ಲಿ ನಾಲ್ಕೂ ಗಾಲಿ ಕಚ್ಚಿ ಎಳೆದರೂ ನನ್ನ ಗಾಡಿಯ ಟೈರಿಗೆ ಸಿಗುವ ಹಿಡಿತ ಅದರ ತೂಕದ ಅರ್ಧದಷ್ಟು, ಅಂದರೆ 500. ಉಳಿದದ್ದು 20 ಕೆಜಿ. ಒಂದು ಬೇರು ಅಡ್ಡ ಬಂದರೆ ಮುಗಿಯಿತು. ಎಂಜಿನ್ನಿಗೆ ಶಕ್ತಿ ಇದ್ದೇ ಇರುತ್ತದೆ, ಸೋಲುವುದು ಟೈರು.

ಇಂಥ ಕಡೆ ನಾನು ಮಾಡುವುದು ಸರಳ. ದಿಮ್ಮಿಯನ್ನು ಎರಡು ತುಂಡು ಮಾಡುತ್ತೇನೆ. ಉದ್ದ ದಿಮ್ಮಿಯೇ ಬೇಕು ಅಂತ ಹಟ ಹಿಡಿದವರಿಗೆ ವಿಂಚ್ (ಹಗ್ಗ ಸುತ್ತಿ ಎಳೆಯುವ ಯಂತ್ರ) ತರಿಸಿ ಅಂತೀನಿ.

ಏರು ಎಷ್ಟಿದೆ ಅಂತ ನೋಡಲು ಒಂದು ಮೀಟರಿನ ಕೋಲು, ಗಾರೆ ಕೆಲಸದವರ ರಸಮಟ್ಟ ಸಾಕು. ಕೋಲಿನ ಒಂದು ತುದಿ ಮೇಲಿನ ನೆಲಕ್ಕೆ ತಾಗಿಸಿ, ರಸಮಟ್ಟ ಇಟ್ಟು ಕೋಲನ್ನು ಸಮ ಮಾಡಿ, ಇನ್ನೊಂದು ತುದಿಯಿಂದ ನೆಲಕ್ಕೆ ಎಷ್ಟು ಸೆಂಟಿಮೀಟರ್ ಅಂತ ಅಳೆಯಿರಿ. 20 ಬಂದರೆ ನೂರಕ್ಕೆ 20. ನನ್ನ ಮಟ್ಟಿಗೆ 10ರ ಒಳಗೆ ನೆಮ್ಮದಿ, 10ರಿಂದ 20 ಜಾಗ್ರತೆ, 20 ದಾಟಿದರೆ ದಿಮ್ಮಿ ಕಟ್ಟಿಕೊಂಡು ಗಾಡಿ ಏರಿಸುವುದೂ ಇಲ್ಲ, ಇಳಿಸುವುದೂ ಇಲ್ಲ. ಇದು ನನ್ನ ಗಾಡಿಗೆ, ನನ್ನ ಗುಂಡಿಗೆಗೆ ಹೊಂದಿದ ಲೆಕ್ಕ. ನಿಮ್ಮದು ಇನ್ನೂ ಕಡಿಮೆ ಇದ್ದರೆ ಅದನ್ನೇ ನಂಬಿ.

ಮೊದಲು ಕಾಲ್ನಡಿಗೆಯ ಓಡಾಟ

ಗಾಡಿ ಸ್ಟಾರ್ಟ್ ಮಾಡುವ ಮುಂಚೆ ದಾರಿಯನ್ನು ಎರಡು ಸಲ ನಡೆಯುತ್ತೇನೆ. ಹೋಗುವಾಗ ನೆಲ ನೋಡುತ್ತೇನೆ. ಬೊಡ್ಡೆ, ಕಲ್ಲು, ಎಲೆ ಮುಚ್ಚಿದ ಗುಂಡಿ, ಇಲಿ ಹೆಗ್ಗಣದ ಬಿಲ. ಬರುವಾಗ ದಿಮ್ಮಿಯ ಕಣ್ಣಿನಿಂದ ನೋಡುತ್ತೇನೆ. ಟ್ರ್ಯಾಕ್ಟರ್ ತಿರುವು ತೆಗೆದುಕೊಂಡರೂ ನಾಲ್ಕು ಮೀಟರಿನ ದಿಮ್ಮಿಯ ಬಾಲ ಒಳಗಿನಿಂದ ಅಡ್ಡ ಕೊಯ್ದುಕೊಂಡು ಬರುತ್ತದೆ. ತಿರುವಿನ ಒಳಮೈಯಲ್ಲಿ ಬೇಕಾದ ಮರ ಇದ್ದರೆ ಅದರ ತೊಗಟೆ ಹೋಯಿತು ಅಂತಲೇ. ಅಲ್ಲಿ ಕೆಲಸಕ್ಕೆ ಬಾರದ ಸಣ್ಣ ಮರ ಇದ್ದರೆ ಕಡಿಯದೆ ಉಳಿಸಿ. ದಿಮ್ಮಿ ಅದಕ್ಕೆ ಉಜ್ಜಿಕೊಂಡು ತಿರುಗಲಿ. ಎಲ್ಲ ಮುಗಿದ ಮೇಲೆ ಕಡಿದರಾಯಿತು.

ದಾರಿ ಆದಷ್ಟೂ ನೆಟ್ಟಗೆ ಮೇಲೆ, ನೆಟ್ಟಗೆ ಕೆಳಗೆ ಇರಲಿ. ಇಳಿಜಾರಿಗೆ ಅಡ್ಡಲಾಗಿ ಹೋಗುವುದು ಸುಲಭ ಅಂತ ಕಾಣುತ್ತದೆ, ಪಲ್ಟಿಯಾಗುವುದು ಹಾಗೆಯೇ. ಮೇಲಿನ ಗಾಲಿ ಒಂದು ಕಲ್ಲು ಹತ್ತಿ, ಕೆಳಗಿನದು ಒಂದು ಗುಂಡಿಗೆ ಇಳಿದರೆ ಸಾಕು. ಮಳೆ ಬಿದ್ದ ಮರುದಿನ ಹೋಗಬೇಡಿ. ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿ ನೋಡಿ. ಉಂಡೆಯಾಗಿ ಬೆರಳ ಗುರುತು ಹಾಗೇ ನಿಂತರೆ ಇನ್ನೂ ಎರಡು ದಿನ ಬಿಡಿ.

ಕಟ್ಟುವುದು

ಸರಪಳಿ ಬಗ್ಗೆ ಜಿಪುಣತನ ಬೇಡ. ಗ್ರೇಡ್ 80ರ 8 ಎಂಎಂ ಸರಪಳಿ 2 ಟನ್ ಭಾರಕ್ಕೆ ಮಾಡಿದ್ದು. ಕೊಂಡಿಗಳ ಮೇಲೆ 8 ಅಥವಾ 80 ಅಂತ ಅಚ್ಚು ಇರುತ್ತದೆ. ಅಚ್ಚಿಲ್ಲದ ಸರಪಳಿ ಗೇಟಿಗೆ ಬೀಗ ಹಾಕಲು ಸರಿ. ನೈಲಾನ್ ಹಗ್ಗ ಬೇಡವೇ ಬೇಡ. ಅದು ರಬ್ಬರಿನ ಹಾಗೆ ಹಿಗ್ಗುತ್ತದೆ, ತುಂಡಾದರೆ ತುದಿಯಲ್ಲಿರುವ ಕೊಕ್ಕೆಯ ಸಮೇತ ಕವಣೆ ಕಲ್ಲಿನಂತೆ ಬರುತ್ತದೆ.

ದಿಮ್ಮಿಯ ಬುಡದ ಕಡೆಯೇ ಕಟ್ಟುತ್ತೇನೆ. ಕೊಂಬೆ ಕಡಿದ ಮೋಟುಗಳು ತುದಿಯ ಕಡೆ ಬಾಗಿರುತ್ತವೆ ಅಲ್ವಾ? ಬುಡ ಮುಂದಾಗಿ ಎಳೆದರೆ ಅವು ಹಿಂದಕ್ಕೆ ಬಾಗಿ ಜಾರುತ್ತವೆ. ತುದಿ ಮುಂದಾದರೆ ಪ್ರತಿ ಮೋಟೂ ನೇಗಿಲಿನಂತೆ ನೆಲ ಉಳುತ್ತದೆ. ಬುಡದಿಂದ ಒಂದೂವರೆ ಗೇಣು ಬಿಟ್ಟು ಸರಪಳಿ ಸುತ್ತಿ, ತುದಿಯ ಕೊಕ್ಕೆಯನ್ನು ಸರಪಳಿಗೇ ಹಾಕಿದರೆ ಎಳೆದಷ್ಟೂ ಬಿಗಿಯುತ್ತದೆ. ನೆಲಕ್ಕೆ ಅಂಟಿಕೊಂಡ ದಿಮ್ಮಿಯ ಅಡಿಯಲ್ಲಿ ಕೈ ತೂರಿಸಬೇಡಿ. ತುದಿ ಬಾಗಿಸಿದ ದಪ್ಪ ಕಂಬಿಯೊಂದನ್ನು ಈ ಕಡೆಯಿಂದ ತೂರಿಸಿ, ಆ ಕಡೆ ಸರಪಳಿ ಸಿಕ್ಕಿಸಿ ಎಳೆದುಕೊಳ್ಳಿ. ನನ್ನ ಕಂಬಿಗೆ ಹಿಡಿಯ ಜಾಗದಲ್ಲಿ ಹಳೇ ಸೈಕಲ್ಲಿನ ಗ್ರಿಪ್ ಇದೆ. ಅದು ಕಳೆದುಹೋದ ದಿನ ಕೆಲಸವೇ ನಿಂತ ಹಾಗೆ.

ಒಂದು ಸೂಕ್ಷ್ಮ ಇದೆ. ದಿಮ್ಮಿ ಬೊಡ್ಡೆಗೋ ಕಲ್ಲಿಗೋ ಸಿಕ್ಕಿಕೊಂಡಾಗ ಅದನ್ನು ಉರುಳಿಸಿ ಬಿಡಿಸಬಹುದು. ಕೊಕ್ಕೆ ಕೂತ ಜಾಗವನ್ನು ಬೊಡ್ಡೆ ಇರುವ ಪಕ್ಕಕ್ಕೆ, ನೆಲದ ಹತ್ತಿರಕ್ಕೆ ತನ್ನಿ. ಸರಪಳಿ ದಿಮ್ಮಿಯ ಬೆನ್ನ ಮೇಲೆ ಹಾದು ಬರಲಿ. ಮೆಲ್ಲನೆ ಎಳೆದಾಗ ಸರಪಳಿ ಬಿಚ್ಚಿಕೊಳ್ಳುವ ಹಾಗೆ ದಿಮ್ಮಿ ಹೊರಳುತ್ತದೆ, ಎಷ್ಟೋ ಸಲ ಆ ಅರ್ಧ ಹೊರಳಿನಲ್ಲೇ ಬೊಡ್ಡೆ ಬಿಟ್ಟುಕೊಡುತ್ತದೆ. ಅವತ್ತು ನನಗೆ ಇದು ಗೊತ್ತಿದ್ದರೆ ಟಾಪ್ ಲಿಂಕ್ ಕಡೆ ಕಣ್ಣೇ ಹೋಗುತ್ತಿರಲಿಲ್ಲ. ಯಾವ ಕಡೆ ಹೊರಳುತ್ತದೆ ಅನ್ನುವುದನ್ನು ಮೊದಲೇ ನೋಡಿಕೊಳ್ಳಿ, ಆ ಕಡೆ ಯಾರೂ ನಿಂತಿರಬಾರದು.

ದಿಮ್ಮಿಯ ಮೂಗು ನೆಲ ಅಗೆಯದಂತೆ ಕೊಡಲಿಯಿಂದ ಅಂಚು ಕೆತ್ತಿ, ಪೆನ್ಸಿಲ್ ಮೊಂಡಾದ ಹಾಗೆ. ಐದು ನಿಮಿಷದ ಕೆಲಸ, ಎಳೆತ ಎಷ್ಟು ಹಗುರವಾಗುತ್ತದೆ ಅಂತ ನೀವೇ ನೋಡಿ. ಹಳೇ ಪ್ಲಾಸ್ಟಿಕ್ ಡ್ರಮ್ಮಿನ ಅರ್ಧ ಇದ್ದರೆ ಇನ್ನೂ ಚೆನ್ನ. ತಳದಲ್ಲಿ ತೂತು ಮಾಡಿ ಸರಪಳಿ ತೂರಿಸಿ, ಟೋಪಿಯಂತೆ ಮೂಗಿಗೆ ಹಾಕಿ. ಮಟ್ಟಸ ಜಾಗದಲ್ಲಿ ಹೈಡ್ರಾಲಿಕ್‌ನಿಂದ (ಗಾಡಿಯ ಹಿಂದಿನ ಎತ್ತುವ ತೋಳುಗಳಿಂದ) ಮೂಗನ್ನು ಒಂದು ಗೇಣು ಎತ್ತಿಕೊಂಡು ಹೋಗಬಹುದು, ಸೊಗಸಾಗಿ ಬರುತ್ತದೆ. ಏರಿನಲ್ಲಿ ಹಾಗೆ ಎತ್ತಬೇಡಿ. ದಿಮ್ಮಿಯ ಸುಮಾರು ಅರ್ಧ ತೂಕ ಹಿಂದಿನ ಆಕ್ಸಲ್ಲಿನ ಹಿಂದೆ ಬಂದು ಕೂರುತ್ತದೆ, ಮೂತಿ ಹಗುರಾಗುತ್ತದೆ. ಗಾಡಿಯ ಒಟ್ಟು ತೂಕದ ಐದರಲ್ಲಿ ಒಂದು ಪಾಲಾದರೂ ಮುಂದಿನ ಗಾಲಿಯ ಮೇಲೆ ಇರಬೇಕು, ಇಲ್ಲವಾದರೆ ಸ್ಟೀರಿಂಗ್ ತಿರುಗಿಸಿದರೂ ಗಾಡಿ ಕೇಳುವುದಿಲ್ಲ. ಮುಂದೆ ತೂಕದ ಬಿಲ್ಲೆಗಳಿದ್ದರೆ ಹಾಕಿಕೊಳ್ಳಿ.

ಏರಿನಲ್ಲಿ, ಇಳಿಜಾರಿನಲ್ಲಿ

ಏರುವಾಗ ಬೇಕಾದ ಗೇರನ್ನು ಏರಿನ ಬುಡದಲ್ಲೇ ಹಾಕಿಕೊಂಡಿರಬೇಕು. ನಡುವೆ ಬದಲಾಯಿಸುವ ಮಾತಿಲ್ಲ. ಸರಪಳಿ ಬಿಗಿಯಾಗುವ ತನಕ ಇಂಚಿಂಚೇ ಹೋಗಿ, ಬಿಗಿಯಾದ ಮೇಲೆ ಎಕ್ಸಲೇಟರ್. ಜರ್ಕ್ ಹೊಡೆದು ಎಳೆದರೆ ಸರಪಳಿಗೂ ಕೆಟ್ಟದ್ದು, ಮೂತಿಯೂ ಏಳುತ್ತದೆ. ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರಲ್ಲ, ಅದು ಕ್ಲಚ್ ಮೇಲಿನ ಕಾಲಿನಲ್ಲೇ ಗೊತ್ತಾಗುತ್ತದೆ. ಹಿಂದಿನ ಎರಡೂ ಗಾಲಿಯನ್ನು ಒಂದೇ ವೇಗಕ್ಕೆ ಕಟ್ಟುವ ಡಿಫ್ ಲಾಕ್ ನೆಟ್ಟಗೆ ಹೋಗುವಾಗ ಮಾತ್ರ, ತಿರುವಿಗೆ ಮುಂಚೆ ಬಿಟ್ಟುಬಿಡಿ. ಗಾಲಿ ನಿಂತಲ್ಲೇ ತಿರುಗತೊಡಗಿದರೆ ಹಟ ಬೇಡ. ಎಡಗಾಲು ಕ್ಲಚ್ಚಿಗೆ ಹತ್ತಿರ ಇರಲಿ.

ಇಳಿಯುವಾಗ ಇದೇ ಕಾಲು ಕ್ಲಚ್ಚಿನಿಂದ ದೂರ ಇರಬೇಕು. ಹೊಸಬರಿಗೆ ಇದೇ ಕಷ್ಟ. ಏರಿನಲ್ಲಿ ಜೀವ ಉಳಿಸುವ ಕ್ಲಚ್ಚು ಇಳಿಜಾರಿನಲ್ಲಿ ಎಂಜಿನ್ನಿನ ಹಿಡಿತವನ್ನೇ ಬಿಡಿಸಿ ಗಾಡಿಯನ್ನು ಉರುಳಲು ಬಿಡುತ್ತದೆ. ಕಡಿಮೆ ಗೇರು, ಫೋರ್ ವೀಲ್ ಡ್ರೈವ್, ಎಡ ಬಲ ಗಾಲಿಗಳ ಎರಡು ಬ್ರೇಕ್ ಪೆಡಲ್‌ಗಳು ಒಟ್ಟಿಗೆ ಒತ್ತುವಂತೆ ಲಾಕ್. ಸಣ್ಣ ಟ್ರ್ಯಾಕ್ಟರ್‌ಗಳಲ್ಲಿ ಬ್ರೇಕ್ ಸಾಮಾನ್ಯವಾಗಿ ಹಿಂದಿನ ಗಾಲಿಗೆ ಮಾತ್ರ. ಫೋರ್ ವೀಲ್ ಹಾಕಿದ್ದರೆ ಆ ಹಿಡಿತ ಮುಂದಿನ ಗಾಲಿಗೂ ತಲುಪುತ್ತದೆ. ಪೆಡಲ್ ಒತ್ತಿ ಓಡಿಸುವ ಹೈಡ್ರೋಸ್ಟಾಟಿಕ್ ಗಾಡಿಯಾದರೆ ಕಾಲು ಸಡಿಲಿಸಿದಷ್ಟೂ ನಿಧಾನವಾಗುತ್ತದೆ, ಆದರೂ ಇಳಿಯುವ ಮುಂಚೆಯೇ ರೇಂಜ್ ಲಿವರನ್ನು ಲೋ ಮಾಡಿಕೊಂಡು ಇಳಿಯಿರಿ. ನಡುವೆ ನ್ಯೂಟ್ರಲ್‌ಗೆ ತಂದರೆ ಹಿಡಿತ ಹೋಯಿತು.

ಇಳಿಜಾರಿನಲ್ಲಿ ಒಂದು ಅನುಕೂಲ ಇದೆ. ಟ್ರೈಲರ್ ಇದ್ದರೆ ಹಿಂದಿನಿಂದ ದಬ್ಬುತ್ತದೆ. ನೆಲದ ಮೇಲೆ ಎಳೆಯುವ ದಿಮ್ಮಿ ದಬ್ಬುವುದಿಲ್ಲ, ತಾನೇ ಬ್ರೇಕ್ ಆಗುತ್ತದೆ. ಮೇಲಿನ ಲೆಕ್ಕವನ್ನೇ ತಿರುಗಿಸಿ ನೋಡಿ. ಅಲುಗಾಡಲು 200 ಕೆಜಿ ಬೇಕು, ಇಳಿಜಾರು ಕೊಡುವುದು 80. ಉಳಿದ 120ನ್ನು ನೀವೇ ಎಳೆಯಬೇಕು, ಅಂದರೆ ಅಷ್ಟು ನಿಮ್ಮನ್ನು ಹಿಂದಕ್ಕೆ ಹಿಡಿದಿಟ್ಟಿದೆ. ಆದರೆ ಈ ಲೆಕ್ಕ ಒಣ ಮಣ್ಣಿನದು. ಇಬ್ಬನಿ ಬಿದ್ದ ಹುಲ್ಲು, ಜೇಡಿಮಣ್ಣು, ತೊಗಟೆ ಸುಲಿದ ಹಸಿ ದಿಮ್ಮಿ, ಈ ಮೂರೂ ಒಂದೆಡೆ ಸೇರಿದರೆ ಉಜ್ಜುವಿಕೆ ಎಲ್ಲಿಯೂ ಸಿಗುವುದಿಲ್ಲ. ದಿಮ್ಮಿ ಹಿಂದಿನಿಂದ ಓಡಿ ಬಂದು ಗಾಲಿಗೆ ಗುದ್ದುತ್ತದೆ, ಇಲ್ಲವೇ ಪಕ್ಕದಿಂದ ಮುಂದೆ ಹೋಗಿ ನಿಮ್ಮನ್ನೇ ಎಳೆಯುತ್ತದೆ. ಅದಕ್ಕೆ ಇಳಿಜಾರಿನಲ್ಲಿ ಮೂಗು ಎತ್ತುವುದಿಲ್ಲ, ಡ್ರಮ್ಮಿನ ಟೋಪಿಯನ್ನೂ ತೆಗೆಯುತ್ತೇನೆ. ದಿಮ್ಮಿಯ ನಡುವಿಗೆ ಇನ್ನೊಂದು ಹಳೇ ಸರಪಳಿ ಎರಡು ಸುತ್ತು ಸುತ್ತಿ ಕೊಕ್ಕೆ ಹಾಕಿದರೆ ಅದು ನೆಲ ಕಚ್ಚಿ ಇನ್ನಷ್ಟು ತಡೆಯುತ್ತದೆ. ಹಿಂದಿನ ಕಾಲದ ಮರ ಎಳೆಯುವವರ ಉಪಾಯ ಇದು, ಇವತ್ತಿಗೂ ಕೆಲಸ ಮಾಡುತ್ತದೆ.

ಬ್ರೇಕ್ ಹಾಕಿದಾಗ ಗಾಲಿ ಲಾಕ್ ಆಗಿ ಗಾಡಿ ಜಾರತೊಡಗಿದರೆ ಮನಸ್ಸು ಇನ್ನೂ ಜೋರಾಗಿ ಒತ್ತು ಅನ್ನುತ್ತದೆ. ಒತ್ತಬೇಡಿ. ಬ್ರೇಕ್ ಸಡಿಲಿಸಿ, ಗೇರಿನಲ್ಲೇ ಗಾಲಿ ಉರುಳಲಿ, ಚೂರು ಎಕ್ಸಲೇಟರ್ ಕೊಟ್ಟರೂ ತಪ್ಪಿಲ್ಲ. ಉರುಳುವ ಗಾಲಿಗೆ ಸ್ಟೀರಿಂಗ್ ಇರುತ್ತದೆ. ಇದನ್ನು ದಿಮ್ಮಿ ಇಲ್ಲದೆ, ಸಣ್ಣ ಇಳಿಜಾರಿನಲ್ಲಿ, ಮೊದಲೇ ಒಂದೆರಡು ಸಲ ಮಾಡಿ ನೋಡಿ. ಪುಸ್ತಕ ಓದಿ ಬರುವ ವಿದ್ಯೆ ಇದಲ್ಲ.

ಗಾಡಿ ಹೋಗಲಾರದ ಕಡೆ

ಇಪ್ಪತ್ತು ದಾಟಿದ ಇಳಿಜಾರಿಗೆ ವಿಂಚ್ ಒಂದೇ ದಾರಿ. ಟ್ರ್ಯಾಕ್ಟರ್ ಇಳಿಜಾರಿನ ಮೇಲಿನ ಮಟ್ಟಸ ಜಾಗದಲ್ಲಿ ನಿಲ್ಲುತ್ತದೆ, ಪಿಟಿಒ (ಎಂಜಿನ್ನಿನಿಂದ ಹೊರಗಿನ ಯಂತ್ರ ತಿರುಗಿಸುವ ಶಾಫ್ಟು) ಶಕ್ತಿಯಿಂದ ಉಕ್ಕಿನ ಹಗ್ಗ ದಿಮ್ಮಿಯನ್ನು ತನ್ನ ಕಡೆಗೆ ಸುತ್ತಿಕೊಳ್ಳುತ್ತದೆ. ವಿಂಚಿನ ಬ್ಲೇಡು ನೆಲಕ್ಕೆ ಊರಿರಬೇಕು, ಪಿಟಿಒ ಶಾಫ್ಟಿಗೆ ಕವರ್ ಇರಬೇಕು. ಅಡ್ಡ ಬಂದ ಮರ ತಪ್ಪಿಸಲು ರಾಟೆ ಕಟ್ಟುತ್ತೇವೆ. ರಾಟೆ ಕಟ್ಟಿದ ಮರದ ಮೇಲೆ ಬೀಳುವ ಭಾರ ಹಗ್ಗದ್ದಷ್ಟೇ ಅಲ್ಲ. ಹಗ್ಗ ಮೂಲೆಮಟ್ಟಕ್ಕೆ ತಿರುಗಿದರೆ ಒಂದೂ ಕಾಲಿಗಿಂತ ಜಾಸ್ತಿ, ಸುಮಾರು 1.4 ಪಟ್ಟು. ಪೂರ್ತಿ ಹಿಂತಿರುಗಿದರೆ ಎರಡು ಪಟ್ಟು. ಅದಕ್ಕೆ ಸೊಂಟದಷ್ಟು ದಪ್ಪದ ಜೀವಂತ ಮರಕ್ಕೆ, ಬುಡದ ಹತ್ತಿರ, ಅಗಲ ಪಟ್ಟಿಯಿಂದ ಕಟ್ಟಿ. ಹಗ್ಗ ತಿರುಗುವ ಮೂಲೆಯ ಒಳಗಡೆ ಯಾವ ಕಾರಣಕ್ಕೂ ನಿಲ್ಲಬೇಡಿ. ರಾಟೆ ಕಿತ್ತರೆ ಬರುವುದು ಅಲ್ಲಿಗೇ.

ನನ್ನ ತಮ್ಮನಿಗೂ ನನಗೂ ಮೂರೇ ಸನ್ನೆ. ಮುಷ್ಟಿ ಎತ್ತಿದರೆ ನಿಲ್ಲಿಸು, ಅಂಗೈ ಕೆಳಗೆ ಮಾಡಿದರೆ ಸಡಿಲಿಸು, ಕೈ ಸುತ್ತಿದರೆ ಎಳೆ. ಎಂಜಿನ್ ಸದ್ದಿನಲ್ಲಿ ಕೂಗಿದ್ದೆಲ್ಲ "ಹೂಂ" ಅಂತಲೇ ಕೇಳಿಸುತ್ತದೆ. ಅವನು ಕಾಣದೇ ಹೋದರೆ ನಾನು ಎಳೆಯುವುದಿಲ್ಲ. ಮಡ್‌ಗಾರ್ಡ್ ಮೇಲೆ ಅವನನ್ನು ಕೂರಿಸಿಕೊಂಡು ಬರುವುದೂ ಇಲ್ಲ. "ಇಷ್ಟು ದೂರ ನಡಿಬೇಕಾ ಅಣ್ಣ" ಅಂತ ಪ್ರತಿ ಸಲ ಗೊಣಗುತ್ತಾನೆ, ನಡೆಯುತ್ತಾನೆ.

ಕೆಳಗೆ ಬಂದ ಮೇಲೆ ದಿಮ್ಮಿಗೆ ಎರಡೂ ಕಡೆ ಬೆಣೆ ಕೊಟ್ಟೇ ಸರಪಳಿ ಬಿಚ್ಚುತ್ತೇವೆ. ಬಿಚ್ಚುವವನು ಮೇಲಿನ ಪಕ್ಕದಲ್ಲಿರಬೇಕು. ಸಂಜೆ ಸರಪಳಿಯನ್ನು ಕಲ್ಲಿನ ಮೇಲೆ ಹರಡಿ ಒಂದೊಂದು ಕೊಂಡಿಯನ್ನೂ ಬೆರಳಲ್ಲಿ ತಿರುಗಿಸಿ ನೋಡುತ್ತೇನೆ. ಯಾವುದಾದರೂ ಪಕ್ಕದ ಕೊಂಡಿಯ ಒಳಗೆ ಸಲೀಸಾಗಿ ಆಡದಿದ್ದರೆ ಅದು ಹಿಗ್ಗಿದೆ ಅಂತ. ಆ ಸರಪಳಿಯನ್ನು ಎಳೆಯುವ ಕೆಲಸದಿಂದ ತೆಗೆದುಹಾಕುತ್ತೇನೆ.

ಇನ್ನು ಆ ದಾರಿ. ದಿಮ್ಮಿ ಎಳೆದ ಜಾಡು ಮೊದಲ ಮಳೆಗೇ ಕಾಲುವೆಯಾಗುತ್ತದೆ. ಒಂದು ವರ್ಷ ನಾನು ಹಾಗೇ ಬಿಟ್ಟು, ಮರುವರ್ಷ ಮೊಣಕಾಲುದ್ದದ ಕೊರಕಲು ತುಂಬುತ್ತಾ ಕೂತಿದ್ದೆ. ಈಗ ಕೊನೆಯ ದಿಮ್ಮಿ ಇಳಿದ ದಿನವೇ ಪಿಕಾಸಿ ಹಿಡಿದು ಮೇಲೆ ಹೋಗುತ್ತೇವೆ. ಜಾಡಿಗೆ ಓರೆಯಾಗಿ, ಅಲ್ಲಲ್ಲಿ, ಒಂದು ಗೇಣು ಆಳದ ಕಾಲುವೆ ತೋಡಿ ತೆಗೆದ ಮಣ್ಣನ್ನು ಕೆಳಗಿನ ಅಂಚಿಗೆ ದಿಣ್ಣೆಯಾಗಿ ಹಾಕುತ್ತೇವೆ. ಏರು ಜಾಸ್ತಿ ಇದ್ದಲ್ಲಿ ಹತ್ತಿರ ಹತ್ತಿರ, ಕಡಿಮೆ ಇದ್ದಲ್ಲಿ ದೂರ ದೂರ. ನೀರು ಜಾಡು ಬಿಟ್ಟು ಪಕ್ಕದ ಪೊದೆಗೆ ಹೋಗಬೇಕು. ಉಳಿದ ಕೊಂಬೆ ರೆಂಬೆಗಳನ್ನು ಅದರ ಮೇಲೆ ಹರಡಿ ಕೆಳಗೆ ಬರುತ್ತೇವೆ.